ನಲವತ್ತು ಸಲ ‘ಕಚೇರಿ ಮುಂದೆ’

ಬ್ಯಾಡಗಿ
೧೨ ಅಕ್ಟೋಬರ್ ೨೦೨೫, ರವಿವಾರ

ಚಿ. ನಾಗಲಕ್ಷ್ಮಿಗೆ ದೊಡ್ಡವ್ವ ಉಚ್ಚಂಗೆವ್ವನ ಆಶೀರ್ವಾದ.

ಈ ಕಥೆಯನ್ನು ಮೊದಲು ಹೇಳಿದವಳು ನಮ್ಮ ಮೆಣಸಿನಕಾಯಿ ಶೆಡ್ಡಿನ ಸಕೀನಾಬಿ. ಹೇಳಿದ್ದು ಬನ್ನಿ ಹಬ್ಬದ ಮರುದಿನ, ಶುಕ್ರವಾರ ಮಧ್ಯಾಹ್ನ, ಬುತ್ತಿ ಬಿಚ್ಚುವ ಹೊತ್ತಿಗೆ. ನಿನಗೆ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮ ಫೋನು ಗೇಟಿನಲ್ಲಿ ಇಟ್ಟು ಒಳಗೆ ಹೋಗಬೇಕು. ಸಂಜೆ ಮಾಡಿದರೆ ನೀನು ಅರ್ಧ ಮಾತಿಗೇ ‘ಅಗಡಿ ಬಸ್ಸು ಬಂತು ದೊಡ್ಡವ್ವ’ ಎಂದು ಇಟ್ಟುಬಿಡುತ್ತೀ. ಪತ್ರದ ನಡುವೆ ಬಸ್ಸು ಬರುವುದಿಲ್ಲ. ನಾನು ಏಳನೇ ಇಯತ್ತೆಯವರೆಗೆ ಕಲಿತದ್ದು ಮತ್ಯಾವುದಕ್ಕೆ ಬೇಕು? ನಮ್ಮ ಕೋಲ್ಡ್ ಸ್ಟೋರೇಜಿನ ಟೆಂಪೋ ಓಡಿಸುವ ಖಲಂದರ ದಿನಾ ಹಾವೇರಿಗೆ ಬರುತ್ತಾನೆ. ಅವನ ಕೈಯಲ್ಲಿ ಕೊಡುತ್ತೇನೆ, ನೀನೂ ಅವನ ಕೈಯಲ್ಲೇ ಕೊಡು.

ಕಥೆ ಕೇಳು. ಒಂದು ಊರಿನಲ್ಲಿ ನಲವತ್ತು ಮಂದಿ ಕೆಂಪು ಅಣ್ಣತಮ್ಮಂದಿರು ಇದ್ದರಂತೆ. ಒಬ್ಬೊಬ್ಬನಿಗೂ ಗೋಡೆಯಲ್ಲಿ ಒಂದೊಂದು ಗೂಟ. ಉಣ್ಣುವವರಲ್ಲ, ಮಾತಾಡುವವರಲ್ಲ, ಬೆಂಕಿ ಬಂದ ದಿನ ಮಾತ್ರ ಬಾಯಿ ತೆರೆಯುವವರು. ಖಂಡೇಪೂಜೆಯ ದಿನ ಅವರನ್ನು ಗೂಟದಿಂದ ಇಳಿಸಿ, ಮೈ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿ, ಕಚೇರಿ ಮುಂದಿನ ಪಡಸಾಲೆಯಲ್ಲಿ ಸಾಲಾಗಿ ಕೂರಿಸಿದರು. ಪಕ್ಕದಲ್ಲಿ ತಕ್ಕಡಿ, ಹಮಾಲರ ಕೊಕ್ಕೆ, ಚೀಲ ಹೊಲಿಯುವ ಮಶೀನು. ನಮ್ಮ ಮಾಲಕರು ವೀರೇಂದ್ರ ಸಾವಕಾರರು ಪೂಜೆ ಮಾಡಿ, ಕುಂಬಳಕಾಯಿ ಒಡೆದು, ಅದೇ ಸಂಜೆ ಮನೆಯವರೊಂದಿಗೆ ಕಾಶಿಯ ರೈಲು ಹತ್ತಿದರು.

ನಮ್ಮಲ್ಲಿ ಕೂರಿಸಿದವರೇ ಎಬ್ಬಿಸಬೇಕು, ನಿನಗೆ ಗೊತ್ತಲ್ಲ. ಆದರೆ ಶುಕ್ರವಾರ ಕೆಲಸ ಸುರುವಾಯಿತು. ತಕ್ಕಡಿ ಬೇಕಾಯಿತು, ಮ್ಯಾನೇಜರ್ ಮಾಂತೇಶ ಕಣ್ಣಿಗೊತ್ತಿಕೊಂಡು ಎತ್ತಿದ. ಕೊಕ್ಕೆ ಬೇಕಾಯಿತು, ಹಮಾಲರು ಎತ್ತಿದರು. ಮಶೀನು ಬೇಕಾಯಿತು, ಅದೂ ಎದ್ದಿತು. ಕೆಂಪು ಅಣ್ಣತಮ್ಮಂದಿರು ಮಾತ್ರ ಯಾರಿಗೂ ಬೇಕಾಗಲಿಲ್ಲ. ಸಕೀನಾಬಿ ರೊಟ್ಟಿ ಮುರಿಯುತ್ತ ಅಂದಳು: “ಬ್ಯಾಡಾದ ಅಳಿಯಾನ್ನ ಯಾರೂ ಏಳು ಅನ್ನೂದಿಲ್ಲ ನೋಡ್ರಿ. ಪಂಕ್ತಿ ಎದ್ದು ಹೋದ್ರೂ ಅಂವಾ ಎಲಿ ಮುಂದ ಕುಂತ ಇರ್ತಾನ.” ನಕ್ಕು ನಕ್ಕು ಮೆಣಸಿನಕಾಯಿಯ ಘಾಟು ಮೂಗಿಗೆ ಏರಿತು.

ಅಷ್ಟರಲ್ಲೇ ನನ್ನ ಮಗ ಸಿದ್ದೇಶ ನಿಮ್ಮ ಕಂಪನಿಯ ಚೀಲ ಹೆಗಲಿಗೆ ಹಾಕಿಕೊಂಡು ತಪಾಸಣೆಗೆ ಬಂದ. ಮೊದಲಾದರೆ ಏಣಿ ಹಿಡಿದು ಕೋಣೆ ಕೋಣೆ ಅಲೆದು ಸಂಜೆ ಮಾಡುತ್ತಿದ್ದ. ಈ ಸಲ ಎಲ್ಲ ಒಂದೇ ಸಾಲಿನಲ್ಲಿ, ತೊಳೆದು ಒರೆಸಿ ಇಟ್ಟದ್ದು. ಲಗೂನೆ ಮುಗಿಸಿ ನನ್ನ ಎದುರಿಗೆ ಕೂತು ಕರಿಗಡಬು ತಿಂದ. ಕೆಲಸದ ದಿನ ಮಗ ನನ್ನೆದುರು ಕೂತು ಉಂಡದ್ದು ಅದೇ ಮೊದಲು. ಅವುಗಳನ್ನು ಪೂಜೆಗೆ ಇಳಿಸಿ ತರಿಸಿದವಳು ನಾನೇ. ಪುಣ್ಯಕ್ಕೆ ಪುಣ್ಯವೂ ಬಂತು, ಮಗನಿಗೆ ವಿಶ್ರಾಂತಿಯೂ ಸಿಕ್ಕಿತು.

ಈಗ ಅವನು ಮುಖ ಸಣ್ಣ ಮಾಡಿಕೊಂಡು ಹೇಳುತ್ತಾನೆ, ಆ ತಪಾಸಣೆಯ ಲೆಕ್ಕ ನೀನು ತಡೆಹಿಡಿದಿದ್ದೀಯಂತೆ. “ಅಕ್ಕನ ಕೈಯಾಗ ಐತಿ ಬೇ” ಅಂದ. ನಿನ್ನ ಕೈಯಲ್ಲಿದ್ದರೆ ಚಿಂತೆ ಯಾಕೆ ಅಂದೆ. ದೀಪಾವಳಿಯೊಳಗೆ ಬಿಟ್ಟುಬಿಡು.

ಬನ್ನಿ ಎಲೆ ಇಟ್ಟಿದ್ದೇನೆ. ಬಂಗಾರದಂತೆ ಇರು.

ನಿನ್ನ ದೊಡ್ಡವ್ವ

*

ಹಾವೇರಿ
೧೪ ಅಕ್ಟೋಬರ್ ೨೦೨೫, ಮಂಗಳವಾರ

ದೊಡ್ಡವ್ವನಿಗೆ ನಾಗಲಕ್ಷ್ಮಿಯ ನಮಸ್ಕಾರ.

ನಿನ್ನ ಪತ್ರವನ್ನು ಕಚೇರಿಯ ಮೇಜಿನ ಕೆಳಗೆ ಹಿಡಿದು ಓದಿದೆ. ಅಳಿಯನ ಮಾತು ಬಂದಾಗ ನಕ್ಕುಬಿಟ್ಟು, ಕೆಮ್ಮಿದಂತೆ ಮಾಡಬೇಕಾಯಿತು. ಬನ್ನಿ ಎಲೆಯನ್ನು ಕಂಪ್ಯೂಟರಿನ ಮೇಲೆ ಇಟ್ಟಿದ್ದೇನೆ.

ಲೆಕ್ಕ ತಡೆಹಿಡಿದದ್ದು ನಿಜ. ಯಾಕೆಂದು ಹೇಳುತ್ತೇನೆ. ನಮ್ಮದು ಬೆಂಕಿ ಆರಿಸುವ ಡಬ್ಬಿಗೆ ಪುಡಿ ತುಂಬುವ ಕಂಪನಿ ಎಂದು ನೀನು ಊರಿಗೆಲ್ಲ ಹೇಳಿದ್ದೀ. ಪುಡಿ ತುಂಬುವುದು ಸಣ್ಣ ಕೆಲಸ. ನಿಮ್ಮ ಕೋಲ್ಡ್ ಸ್ಟೋರೇಜಿನಂಥ ಕಡೆ ಇಡೀ ವರ್ಷ ಬೆಂಕಿಗೆ ಕಾವಲು ನೋಡುವ ಕರಾರು ನಮ್ಮ ದೊಡ್ಡ ಕೆಲಸ. ಸಾವಕಾರರು ವರ್ಷದ ಹಣವನ್ನು ಏಪ್ರಿಲ್‌ನಲ್ಲೇ ಕೊಟ್ಟುಬಿಡುತ್ತಾರೆ. ಬಂದ ದಿನ ನಾನು ಅದನ್ನು ಗಳಿಕೆ ಎಂದು ಬರೆಯುವುದಿಲ್ಲ, ಸಾಲದ ಕಡೆ ಬರೆಯುತ್ತೇನೆ. ಹಣ ನಮ್ಮ ಪೆಟ್ಟಿಗೆಯಲ್ಲಿದ್ದರೂ ನಾವೇ ಸಾಲಗಾರರು. ನಿಮ್ಮಲ್ಲಿ ನಲವತ್ತು ಜಾಗಗಳಿಗೆ ವರ್ಷಕ್ಕೆ ನಾಲ್ಕು ಸಲ ಬಂದು ನೋಡುತ್ತೇವೆ ಎನ್ನುವ ಸಾಲ. ಸಿದ್ದೇಶ ಒಮ್ಮೆ ಬಂದು ನೋಡಿ ಹೋದರೆ ಕಾಲು ಭಾಗ ತೀರುತ್ತದೆ. ಅಷ್ಟನ್ನು ಎತ್ತಿ ಗಳಿಕೆಯ ಕಡೆ ಹಾಕುತ್ತೇನೆ. ಅದಾದ ಮೇಲೆಯೇ ನಿಮಗೆ ಸರ್ಟಿಫಿಕೇಟು ಹೊರಡುತ್ತದೆ. ಈ ಪದ್ಧತಿ ಮಾಡಿದವರು ನಮ್ಮ ಮಾಲಕರಾದ ಪುಂಡಲೀಕ ಸರ್ ಅವರೇ.

ಕರಾರಿನಲ್ಲಿ ಎಣಿಸಿರುವುದು ಜಾಗಗಳನ್ನು, ಡಬ್ಬಿಗಳನ್ನಲ್ಲ. ಸಿದ್ದೇಶ ತುಂಬಿ ತರುವ ಕಾರ್ಡಿನಲ್ಲಿ ‘ಎಲ್ಲಿದೆ’ ಎಂದು ಒಂದು ಕಾಲಂ ಉಂಟು. ಪ್ರತಿ ಸಲ ಅದರಲ್ಲಿ ‘ತೊಟ್ಟು ಬಿಡಿಸುವ ಶೆಡ್ಡು, ಬಾಗಿಲ ಎಡಕ್ಕೆ’, ‘ಎರಡನೇ ಕೋಣೆ, ಮೆಟ್ಟಿಲ ಕೆಳಗೆ’ ಎಂದೆಲ್ಲ ಇರುತ್ತದೆ. ಈ ಸಲ ನಲವತ್ತು ಸಾಲಿನಲ್ಲೂ ‘ಕಚೇರಿ ಮುಂದೆ’ ಎಂದು ಬರೆದಿದ್ದಾನೆ. ‘ಮೇಲಿನಂತೆ’ ಎಂದೂ ಹಾಕದೆ ನಲವತ್ತು ಸಲ ಬಿಡಿಸಿ ಬರೆದಿದ್ದಾನೆ. ನನಗೆ ಅವನ ಬಗ್ಗೆ ಹೆಮ್ಮೆಯಾಯಿತು, ದೊಡ್ಡವ್ವ. ಕಣ್ಣಿಗೆ ಕಂಡದ್ದನ್ನೇ ಬರೆದ ಹುಡುಗ.

ಪುಂಡಲೀಕ ಸರ್ ಕಾರ್ಡು ನೋಡಿ ನನ್ನನ್ನು ಕರೆದರು.

“ಡಬ್ಬಿ ಎಲ್ಲಾ ಅದಾವೋ ಇಲ್ಲೋ?”

“ಅದಾವ್ರಿ.”

“ಪ್ರೆಶರ್ ಸರಿ ಐತೋ ಇಲ್ಲೋ?”

“ಐತ್ರಿ.”

“ಮತ್ತೇನ ನಿಂದು? ಹೋದ ಸಲದ ಕಾರ್ಡು ನೋಡಿ ಜಾಗಾ ತುಂಬಿಬಿಡು. ಗೋಡಿ ಏನ್ ಎದ್ದು ಹೋಗಿಲ್ಲಲ್ಲ.”

“ಗೋಡಿ ಹೋಗಿಲ್ರಿ, ಡಬ್ಬಿ ಹೋಗ್ಯಾವು. ನಾವು ರೊಕ್ಕಾ ತಗೊಂಡಿದ್ದು ಗೋಡೀ ಮ್ಯಾಲಿನ ಡಬ್ಬಿಗೆ.”

ಹೊಸ ವ್ಯಾನಿಗೆ ಬ್ಯಾಂಕಿನ ಸಾಲ ಕೇಳಿದ್ದಾರೆ. ದೀಪಾವಳಿಯೊಳಗೆ ಲೆಕ್ಕ ತೋರಿಸಬೇಕು, ಅವರ ಅವಸರ ಅವರಿಗೆ. ಸ್ವಲ್ಪ ಬೇಜಾರಾದರು. ಅಷ್ಟೇ, ಬೇರೇನಿಲ್ಲ.

ನೀನು ಒಂದು ಹೇಳು. ಆ ಅಳಿಯಂದಿರು ತಮ್ಮ ತಮ್ಮ ಗೂಟಕ್ಕೆ ಮರಳಿದರೇ? ಮರಳಿದ್ದರೆ ಸಿದ್ದೇಶ ಇನ್ನೊಂದು ಸುತ್ತು ಬಂದು ಬರೆದುಕೊಂಡು ಹೋಗಲಿ, ನಾನು ಅದೇ ದಿನ ಮುಗಿಸಿ ಕೊಡುತ್ತೇನೆ.

ನಿನ್ನ ನಾಗೂ

*

ಬ್ಯಾಡಗಿ
೧೭ ಅಕ್ಟೋಬರ್, ಶುಕ್ರವಾರ

ನಾಗೂ,

ಆಶೀರ್ವಾದ ಗೀಶೀರ್ವಾದ ಆಮ್ಯಾಲೆ. ನಿನ್ನೆ ಸಂಜೀಗೆ ಸಿದ್ದೇಶ ಬಂದು ಚೀಲಾ ಮೂಲ್ಯಾಗ ಒಗದು ಕುಂತಾನ. ಲೆಕ್ಕ ಮುಗಿಯೂತನಕ ಕೆಲಸಕ್ಕ ಬರಬ್ಯಾಡ ಅಂತ ನಿಮ್ಮ ಸರ್ ಹೇಳ್ಯಾರಂತ. ಅಂವಾ ಖರೇ ಬರದಾನಂತ ನಿನಗ ಹೆಮ್ಮೆ. ಆ ಹೆಮ್ಮೀ ಹಿಟ್ಟು ಮಾಡಿ ರೊಟ್ಟಿ ಬಡಿಯಾಕ ಬರತೈತೇನು?

ಅವನ್ನ ಪೂಜಿಗೆ ತರ್ರಿ ಅಂದಾಕಿ ನಾನು. ತಪ್ಪಿದ್ರ ನನಗ ಕೇಳು. ದೇವರ ಮುಂದ ಇಟ್ಟಿದ್ದಕ್ಕೂ ಕಾಲಂ ಮಾಡೀಯಲ್ಲ, ಭಾಳ ಶಾಣ್ಯಾಕಿ ಆಗೀದಿ. ಬೆಂಕಿ ಬಿದ್ರ ಕಚೇರಿತನಕ ಓಡಿ ಹೋಗಿ ತರ್ತೇವಿ. ನಮಗೇನು ಕಾಲಿಲ್ಲೇನು?

ನೀ ಕೇಳಿದ್ದಕ್ಕ ಉತ್ತರ: ಸಾವಕಾರ್ರು ಕಾಶಿಯಿಂದ ಇನ್ನೂ ಬಂದಿಲ್ಲ.

ಕುಪ್ಪೇಲೂರಾಗ ನಿನಗ ಮಗ್ಗಿ ಕಲಿಸಿದಾಕಿ ನಾನು. ಈ ಲೆಕ್ಕ ನಾ ಕಲಿಸಿದ್ದಲ್ಲ.

ಉಚ್ಚಂಗೆವ್ವ

*

ಅಗಡಿ
೨೪ ಅಕ್ಟೋಬರ್ ೨೦೨೫, ಶುಕ್ರವಾರ ಬೆಳಿಗ್ಗೆ ಹನ್ನೊಂದು

ದೊಡ್ಡವ್ವನಿಗೆ ನಮಸ್ಕಾರ.

ಹೋದ ಶನಿವಾರ ಒಂದು ಪತ್ರ ಕೊಟ್ಟಿದ್ದೆ. ನಿನ್ನ ಕೈಗೇ ಮುಟ್ಟಿಸಿದೆ ಎಂದು ಖಲಂದರ ಹೇಳಿದ. ಉತ್ತರ ಬರಲಿಲ್ಲ. ಹಬ್ಬಕ್ಕೆ ನೀನು ಕರೆಯಲಿಲ್ಲ, ಕರೆಯದೆ ಬರಲು ನನಗೂ ಮನಸ್ಸಾಗಲಿಲ್ಲ. ಪಾಡ್ಯದ ದಿನ ಹೋಳಿಗೆ ಮಾಡಿ ಒಬ್ಬಳೇ ತಿಂದೆ, ನಿನ್ನ ಕೈಯ ಹದ ಬರಲಿಲ್ಲ.

ಈ ಲೆಕ್ಕ ನಾನು ಕಲಿಸಿದ್ದಲ್ಲ ಎಂದು ಬರೆದೆಯಲ್ಲ. ಇಲ್ಲ ದೊಡ್ಡವ್ವ, ನೀನೇ ಕಲಿಸಿದ್ದು. ಕುಪ್ಪೇಲೂರಿನ ಕಟ್ಟೆಯ ಮೇಲೆ ನನಗೂ ಸಿದ್ದೇಶನಿಗೂ ಒಂದೇ ತಾಟಿನಲ್ಲಿ ಉಣ್ಣಿಸುತ್ತ ದನಗಾಹಿ ಮೈಲಪ್ಪನ ಕಥೆ ಹೇಳುತ್ತಿದ್ದೆ. ಮೈಲಪ್ಪ ಊರ ದನವನ್ನೆಲ್ಲ ಕೆರೆಯ ದಂಡೆಯಲ್ಲಿ ಎಣಿಸುತ್ತಿದ್ದ. ನೀರು ಕುಡಿಯುವಾಗ ಎಲ್ಲವೂ ಒಂದು ಕಡೆ ನಿಲ್ಲುತ್ತವೆ, ಎಣಿಸುವುದು ಸುಲಭ. “ಎಲ್ಲಾ ಅದಾವ” ಎಂದು ಊರಿಗೆ ಸಾರಿ ಮಲಗುತ್ತಿದ್ದ. ಒಂದು ಸಂಜೆ ಮುದುಕಿಯೊಬ್ಬಳ ಕರು ಗೂಟಕ್ಕೆ ಬರಲಿಲ್ಲ. ಮೈಲಪ್ಪ ತನ್ನ ಎಣಿಕೆ ಸರಿ ಇದೆ ಎಂದು ಆಣೆ ಮಾಡಿದ. ಎಣಿಕೆ ಸರಿಯೇ ಇತ್ತು, ಕರುವನ್ನು ಮಾತ್ರ ತೋಳ ಹಿಡಿದಿತ್ತು. ಆಗ ಮುದುಕಿ ಏನಂದಳು? ನೀನು ತುತ್ತು ಎತ್ತಿ ಹಿಡಿದು, ನಾವು ಹೇಳುವ ತನಕ ಬಾಯಿಗೆ ಇಡುತ್ತಿರಲಿಲ್ಲ. “ದನಾ ಕೆರ್ಯಾಗ ಎಣಿಸಬಾರದೋ, ಗೂಟದಾಗ ಎಣಿಸಬೇಕು.”

ಕಾಲೇಜಿನಲ್ಲಿ ಬಿಕಾಂ ಕಲಿತೆ, ಹಾವೇರಿಯಲ್ಲಿ ಆಡಿಟರ ಕೈಕೆಳಗೆ ಪಳಗಿದೆ. ಆದರೆ ಆ ಕಾರ್ಡು ನೋಡಿದಾಗ ನೆನಪಾದದ್ದು ನಿನ್ನ ತುತ್ತು.

ಪಾಡ್ಯದ ದಿನ ಕಚೇರಿಯಲ್ಲಿ ಹೊಸ ಪುಸ್ತಕದ ಪೂಜೆ ಇತ್ತು. ಲೆಕ್ಕವೆಲ್ಲ ಕಂಪ್ಯೂಟರಿನಲ್ಲೇ ಆದರೂ ಪುಂಡಲೀಕ ಸರ್ ಅಪ್ಪನ ಕಾಲದ ಪದ್ಧತಿ ಬಿಟ್ಟಿಲ್ಲ. ಕೆಂಪು ಬಟ್ಟೆಯ ಪುಸ್ತಕ ತಂದು, ನನ್ನ ಕೈಗೆ ಪೆನ್ನು ಕೊಟ್ಟು, “ಇವತ್ತರ ಬರಿ. ಲಕ್ಷ್ಮೀ ಮುಂದ ಕುಂತಾಳ” ಅಂದರು.

“ಆಕೀ ಮುಂದ ಸುಳ್ಳ ಹೆಂಗ ಬರೀಲ್ರಿ?” ಅಂದೆ.

ಶ್ರೀ ಬರೆದೆ. ಲಾಭ, ಶುಭ ಬರೆದೆ. ಅದರ ಕೆಳಗೆ ಮೊದಲ ಸಾಲಿನಲ್ಲಿ, ಬ್ಯಾಡಗಿಯ ಕೋಲ್ಡ್ ಸ್ಟೋರೇಜಿಗೆ ನಲವತ್ತು ಗೂಟ ನೋಡುವ ಸಾಲ ಬಾಕಿ ಇದೆ ಎಂದು ದಪ್ಪ ಅಕ್ಷರದಲ್ಲಿ ಬರೆದು ಪುಸ್ತಕ ತಿರುಗಿಸಿ ಇಟ್ಟೆ. ಪೂಜಾರಿ ಓದಿ ಗಂಟೆ ಬಾರಿಸುವುದನ್ನು ನಿಲ್ಲಿಸಿದ.

ಇಲ್ಲಿ ಎಲ್ಲ ಸುಸೂತ್ರ. ಹಬ್ಬದ ರಜೆ ಇನ್ನೂ ನಡೆದಿದೆ. ಸಿದ್ದೇಶ ಏನು ಮಾಡುತ್ತಿದ್ದಾನೆ? ನೀನು ಕೂಡುವ ಜಾಗದ ಹಿಂದೆ ತೊಟ್ಟಿನ ರಾಶಿ ಎಷ್ಟಿದೆ? ಬೈದಾದರೂ ಬರೆ.

ನಾಗೂ

*

ಬ್ಯಾಡಗಿ
೨ ನವೆಂಬರ್ ೨೦೨೫, ರವಿವಾರ

ಚಿ. ನಾಗಲಕ್ಷ್ಮಿಗೆ ದೊಡ್ಡವ್ವನ ಆಶೀರ್ವಾದ, ಎರಡು ಪತ್ರದ್ದೂ ಸೇರಿಸಿ.

ಮೊದಲು ನನ್ನ ಪ್ರಶ್ನೆಗೆ ಉತ್ತರ ಕೊಡು. ದೀಪಾವಳಿ ಮುಗಿದ ಮೇಲೆ, ಶುಕ್ರವಾರ ಹನ್ನೊಂದು ಗಂಟೆಗೆ, ಅಗಡಿಯ ಬಾಡಿಗೆ ಕೋಣೆಯಲ್ಲಿ ಕೂತು ಪತ್ರ ಬರೆಯುವ ಹಬ್ಬ ಯಾವುದು? ನಾನು ಖಲಂದರನನ್ನು ಕೇಳಿದೆ. “ಆಕೀ ಕುರ್ಚಿ ಖಾಲಿ ಐತ್ರಿ, ಬನ್ನೀ ಎಲಿ ಅಷ್ಟ ಐತಿ” ಅಂದ. ನಿನ್ನನ್ನೂ ಮನೆಗೆ ಕಳಿಸಿದ್ದಾರೆ. ನೀನು ನನಗೆ ಹೇಳಲಿಲ್ಲ. ನಾನು ನಿನ್ನನ್ನು ಸರ್‌ನ ಕುರ್ಚಿಯ ಪಕ್ಕ ಕೂತು ನನ್ನ ಮಗನ ಅನ್ನ ತಡೆದವಳೆಂದು ಹದಿನೈದು ದಿನ ಬೈದುಕೊಂಡೆ. ಆ ಬೈಗುಳವೆಲ್ಲ ವಾಪಸ್ಸು ತೆಗೆದುಕೊಂಡಿದ್ದೇನೆ, ಒಂದೆರಡು ಉಳಿಸಿಕೊಂಡು. ಹೇಳದೆ ಇದ್ದದ್ದಕ್ಕೆ ಅವು.

ಈಗ ಇಲ್ಲಿಯದು ಕೇಳು.

ಮೈಲಪ್ಪನ ಕಥೆ ನನಗೆ ಮರೆತೇಹೋಗಿತ್ತು. ಬುತ್ತಿ ಹೊತ್ತಿನಲ್ಲಿ ನಿನ್ನ ಪತ್ರ ಗಟ್ಟಿಯಾಗಿ ಓದಿದೆ, ನೀನು ಎಷ್ಟು ಜಂಬದವಳು ಎಂದು ತೋರಿಸಬೇಕಿತ್ತು. ಓದಿ ಮುಗಿಸಿದಾಗ ಯಾರೂ ನಗಲಿಲ್ಲ. ಸಕೀನಾಬಿ ಅಂದಳು: “ಉಚ್ಚಂಗೆವ್ವಾ, ನೀ ಸಾಕಿದ ಕಥೀನ ಬಡಿಗಿ ಹಿಡಕೊಂಡು ನಿನ್ನ ಮನೀಗೆ ಬಂದೈತಿ ನೋಡು.”

ನನಗೆ ಸಿಟ್ಟು ಬಂತು. “ಓಡಿ ಹೋಗಿ ತರ್ತೇವಿ ಅಂತ ಬರದೇನಿ. ತಂದ ತೋರಸ್ತೇನಿ” ಅಂದೆ. ಅಂಗಳದಲ್ಲಿ ನೀರಿನ ಟಾಕಿಯ ಪಕ್ಕ, ಯಾವುದಕ್ಕೂ ತಾಗದ ಹಾಗೆ, ಹಳೆಯ ಕಬ್ಬಿಣದ ಬಾಣಲೆ ಇಟ್ಟು ಅದರಲ್ಲಿ ಒಂದು ಹಿಡಿ ಒಣ ತೊಟ್ಟು, ಮೇಲೆ ನಾಲ್ಕು ಮೆಣಸಿನಕಾಯಿ ಹಾಕಿದೆವು. ನಮ್ಮಲ್ಲಿ ಎಲ್ಲರಿಗಿಂತ ಚುರುಕು ಕಾಲಿನವಳು ಚೌಡವ್ವ. ಕಡ್ಡಿ ಗೀರಿದ ಕೂಡಲೇ ಓಡಿ ಹೋಗಿ ಕಚೇರಿ ಮುಂದಿನಿಂದ ಒಂದು ಡಬ್ಬಿ ತರಬೇಕು. ನಿನ್ನ ಬಾಯಿ ಮುಚ್ಚಿಸುವ ಆಟ ಅದು.

ಕಡ್ಡಿ ಗೀರಿದೆ. ಚೌಡವ್ವ ಸೀರೆ ಎತ್ತಿಕಟ್ಟಿ ಓಡಿದಳು.

ಮನೆಯಲ್ಲಿ ಒಗ್ಗರಣೆಗೆ ಒಂದು ಮೆಣಸಿನಕಾಯಿ ಕರಕಾದರೆ ಏನಾಗುತ್ತದೆ ಎಂದು ನಿನಗೆ ಗೊತ್ತು. ಇಲ್ಲಿ ನಾಲ್ಕು, ಜೊತೆಗೆ ತೊಟ್ಟು ಬೇರೆ. ಮೊದಲು ನಕ್ಕೆವು. ಆಮೇಲೆ ಕೆಮ್ಮಿದೆವು. ಆಮೇಲೆ ಒಬ್ಬರ ಮುಖ ಒಬ್ಬರಿಗೆ ಕಾಣಲಿಲ್ಲ. ಗೇಟಿನ ಇಸಾಕಸಾಬ “ಯಾರನ್ನ ಕೊಲ್ಲಾಕತ್ತೀರಿ ಬೇ” ಎಂದು ಕೂಗುತ್ತ ಬಂದವನು ಅರ್ಧ ದಾರಿಯಲ್ಲಿ ಕಣ್ಣು ಮುಚ್ಚಿ ಕೂತುಬಿಟ್ಟ. ಚೌಡವ್ವನ ಸುದ್ದಿಯಿಲ್ಲ. ಕಡೆಗೆ ಕುಡಿಯುವ ನೀರಿನ ಕೊಡ ಎತ್ತಿ ನಾನೇ ಬಾಣಲೆಗೆ ಸುರಿದೆ.

ಆಗ ಬಂದಳು. ಕೈಯಲ್ಲಿ ಡಬ್ಬಿ ಇರಲಿಲ್ಲ, ಒಣಗಿದ ಚೆಂಡು ಹೂವಿನ ಮಾಲೆ ಇತ್ತು. ಮಾಂತೇಶ ಪಡಸಾಲೆಯ ಜಾಲರಿ ಬಾಗಿಲಿಗೆ ಕೀಲಿ ಹಾಕಿ ಚಹಾಕ್ಕೆ ಹೋಗಿದ್ದ. ಜಾಲರಿಯೊಳಗೆ ತೋಳು ತೂರಿಸಿದರೆ ಡಬ್ಬಿಯ ಕೊರಳಿನ ಮಾಲೆ ಮಾತ್ರ ಕೈಗೆ ಬಂತಂತೆ.

ಸಕೀನಾಬಿ ಮೂಗು ಒರೆಸಿಕೊಂಡು ಅಂದಳು: “ತಾ, ಬೆಂಕೀ ಕೊರಳಿಗೆ ಹಾಕು. ಬಂದೈತಿ, ಮರ್ಯಾದಿ ಮಾಡೂಣು.”

ಎಲ್ಲರೂ ಶೆಡ್ಡಿನ ಕಡೆ ನೋಡಿದೆವು. ನೀನು ಕೇಳಿದ್ದೆಯಲ್ಲ, ನಾನು ಕೂಡುವ ಜಾಗದ ಹಿಂದಿನ ರಾಶಿ ನನಗಿಂತ ಎತ್ತರವಿದೆ.

ಮಾಂತೇಶ ಬಂದಾಗ ಕೀಲಿ ಕೇಳಿದೆವು. “ಸಾವಕಾರ್ರು ಬರ್ಲಿ. ಅವರು ಕೂಡಿಸ್ಯಾರ, ಅವರ ಎಬ್ಬಸ್ತಾರ” ಅಂದ.

“ತಕ್ಕಡಿ ಎಬ್ಬಿಸಿದಾವ ಯಾರಪಾ?” ಅಂದೆ.

“ಅದು ಬೇಕಾಗಿತ್ತು.”

“ನಮಗ ನಾವು ಬೇಕಾಗೇವಿ. ಬಾಗಿಲಾ ತೆಗಿ.”

ಬಾಗಿಲು ತೆಗೆದ. ಆದರೆ ತೆಗೆದ ಮೇಲೆ ನಮ್ಮ ಕೈಗಳೇ ಮುಂದೆ ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಕುಂಕುಮ ಹಚ್ಚಿದ ಸಾಲು, ಎತ್ತಿದವರಿಗೆ ಏನಾದೀತೋ ಎಂಬ ಅಳುಕು. ಸಕೀನಾಬಿ ನಮ್ಮನ್ನೆಲ್ಲ ಸರಿಸಿದಳು. “ನಿಮ್ಮ ಪೂಜಿ ಮುರದ್ರ ದೋಷ ನಿಮಗ. ನನಗೇನ ಹತ್ತತೈತಿ? ಸರೀರಿ” ಎಂದು ಮೊದಲನೆಯದನ್ನು ಕೂಸಿನಂತೆ ಕಂಕುಳಿಗೆ ಏರಿಸಿಕೊಂಡಳು. ನನಗೆ ನಾಚಿಕೆಯಾಯಿತು. ಕರ್ಪೂರ ಹಚ್ಚಿ, ಅಕ್ಕಿಕಾಳು ಎರಚಿ, “ಏಳ್ರಪಾ, ಉಂಡಿದ್ದು ಸಾಕು, ಕೆಲಸಕ್ಕ ಹೋಗ್ರಿ” ಎಂದು ಕೈ ಮುಗಿದು ಎರಡನೆಯದನ್ನು ಎತ್ತಿದೆ. ಆಮೇಲೆ ಸಾಲು ಕರಗಿತು. ದೇವರು ಏನೂ ಅನ್ನಲಿಲ್ಲ. ಅವನಿಗೂ ಅಷ್ಟು ದಿನ ಜಾಲರಿಯೊಳಗೆ ಕೂತು ಬೇಸರವಾಗಿರಬೇಕು.

ಯಾವುದು ಯಾವ ಗೂಟದ್ದೆಂದು ನಮಗೆ ಗೊತ್ತಿರಲಿಲ್ಲ. ಸಿದ್ದೇಶ ರಾಣೇಬೆನ್ನೂರಿನಲ್ಲಿ ಒಂದು ಹತ್ತಿ ಮಿಲ್ಲಿನ ವಾಯರಿಂಗಿಗೆ ದಿನಗೂಲಿ ಹೋಗುತ್ತಿದ್ದ. ಗೇಟಿನ ಫೋನಿನಿಂದ ಕರೆದೆ. ಅಂದಿನ ಕೂಲಿ ಬಿಟ್ಟು ಬಂದ. ಕರೆಂಟಿನ ಪೆಟ್ಟಿಗೆಯ ಹತ್ತಿರ ಬೇರೆ ಜಾತಿಯ ಡಬ್ಬಿ ಇರಬೇಕಂತೆ. ಅದನ್ನು ನಾವು ಮೆಟ್ಟಿಲ ಕೆಳಗೆ ಹಾಕಿದ್ದೆವು, ತಿದ್ದಿದ. ಒಂದೊಂದು ಗೂಟದ ಮುಂದೆ ನಿಂತು, ತೂಗಿ, ನೋಡಿ, ಎಲ್ಲಿದೆ ಎಂದು ಬರೆದ. ಈ ಸಲ ನನ್ನ ಎದುರಿಗೆ ಕೂತು ಉಣ್ಣಲು ಅವನಿಗೆ ಹೊತ್ತಾಗಲಿಲ್ಲ. ನಿಂತೇ ಒಂದು ರೊಟ್ಟಿ ತಿಂದ. ನನಗೆ ಅದೇ ಹೆಚ್ಚು ಚೆಂದ ಕಂಡಿತು.

ಕಾರ್ಡಿಗೆ ಮಾಂತೇಶ ಸಹಿ ಹಾಕಲಿಲ್ಲ, ಸಾವಕಾರರ ಅಪ್ಪಣೆ ಇಲ್ಲವಂತೆ. ಆಗಲಿ ಅಂದೆವು. ಯಾವ ಗೂಟದ ಹತ್ತಿರ ಯಾರು ಕೂಡುತ್ತಾರೋ ಆ ಸಾಲಿಗೆ ಅವರೇ ಸಹಿ ಹಾಕಿದರು, ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರು. ಕೋಣೆಗಳ ಸಾಲಿಗೆ ಮೇಸ್ತ್ರಿ ಮಲ್ಲಿಕಸಾಬನ ಹಮಾಲರು ಹಾಕಿದರು. ಒಂದೇ ಒಂದು ಉಳಿದಿದೆ. ಅದು ಸಾವಕಾರರ ಸ್ವಂತ ಕೋಣೆಯದು. ಕೋಣೆಗೆ ಕೀಲಿ, ಕೀಲಿ ಕಾಶಿಯಲ್ಲಿ. ಡಬ್ಬಿಯನ್ನು ಬಾಗಿಲ ಹೊರಗೆ ಇಟ್ಟು, ಹಾಗೆಂದೇ ಸಿದ್ದೇಶ ಬರೆದಿದ್ದಾನೆ.

ಕಾರ್ಡು ಇದರೊಂದಿಗೆ ಇದೆ. ಕೆಂಪು ಕಲೆ ಕಂಡರೆ ಹೆದರಬೇಡ, ಮೆಣಸಿನಕಾಯಿಯ ಕೈ. ಇನ್ನು ನೀನು ಮನೆಯಲ್ಲಿ ಕೂತರೆ ನಾನೇ ಹಾವೇರಿಗೆ ಬಂದು ನಿನ್ನ ಕುರ್ಚಿಯಲ್ಲಿ ಕೂಡುತ್ತೇನೆ. ಆಮೇಲೆ ನಿಮ್ಮ ಸರ್ ಗತಿ ದೇವರೇ ಬಲ್ಲ.

ನಿನ್ನ ದೊಡ್ಡವ್ವ

*

ಹಾವೇರಿ
೬ ನವೆಂಬರ್ ೨೦೨೫, ಗುರುವಾರ

ದೊಡ್ಡವ್ವನಿಗೆ ನಮಸ್ಕಾರ.

ಮೇಲೆ ಹಾವೇರಿ ಎಂದು ಬರೆದಿರುವುದನ್ನು ನೀನು ಮೊದಲೇ ನೋಡಿರುತ್ತೀ.

ಪಾಡ್ಯದ ದಿನ ಪುಂಡಲೀಕ ಸರ್ ಹೇಳಿದ್ದು ಇಷ್ಟು: “ಆ ಸಾಲು ಹೊಡದು ಹಾಕೂತನಕ ಈ ಬಾಗಲಾ ದಾಟಬ್ಯಾಡ.” ನಿನಗೆ ಹೇಳಲಿಲ್ಲ. ಹೇಳಿದ್ದರೆ ನೀನು ಸಿದ್ದೇಶನ ಜೊತೆ ನನ್ನ ಚಿಂತೆಯನ್ನೂ ಹೊರುತ್ತಿದ್ದೆ.

ನಿನ್ನೆ ಬೆಳಿಗ್ಗೆ ಬಾಗಿಲು ದಾಟಿದೆ. ಕುರ್ಚಿಯ ಧೂಳು ಒರೆಸಿ ಕೂತೆ. ಸರ್ ಒಳಗಿಂದ ಬಂದರು.

“ನಿನಗ ಬಾ ಅಂದಾವ್ರು ಯಾರು?”

“ಕಾರ್ಡು ಬಂದೈತ್ರಿ. ಬರೀಬೇಕು.”

ಕಾರ್ಡು ಎತ್ತಿಕೊಂಡು ಬೆಳಕಿಗೆ ಹಿಡಿದರು. ಹೆಬ್ಬೆಟ್ಟುಗಳ ಮೇಲೆ ಬೆರಳು ಆಡಿಸಿದವರು ಅದೇ ಕೈಯಿಂದ ಕಣ್ಣು ಉಜ್ಜಿಕೊಂಡರು. ಆಮೇಲೆ ನಲ್ಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದರು. ನಿಮ್ಮ ಶೆಡ್ಡಿನವರ ಸಹಿ ಅವರಿಗೆ ಚೆನ್ನಾಗಿ ತಾಗಿತು.

ಮರಳಿ ಬರುವಷ್ಟರಲ್ಲಿ ನಾನು ಬರೆದು ಮುಗಿಸಿದ್ದೆ. ಸಾಲದ ಕಡೆಯಿಂದ ಮೂವತ್ತೊಂಬತ್ತು ಗೂಟದ ಪಾಲು ಎತ್ತಿ ಗಳಿಕೆಗೆ ಹಾಕಿದ್ದೆ, ಸಿದ್ದೇಶ ನಿಜವಾಗಿ ನೋಡಿದ ದಿನದ ತಾರೀಖಿಗೆ. ಒಂದು ಪಾಲು ಸಾಲದಲ್ಲೇ ಬಿಟ್ಟಿದ್ದೆ.

“ಅದೊಂದು ಯಾಕ ಬಿಟ್ಟಿ?”

“ಅದು ಇನ್ನೂ ಬಾಗಲಾ ಹೊರಗ ಐತ್ರಿ.”

“ಒಂದು ಗೂಟಕ್ಕ ಬ್ಯಾಂಕಿನಾವ್ರ ಮುಂದ ಏನಂತ ಹೇಳ್ಲಿ? ವೀರೇಂದ್ರ ಸಾವಕಾರ್ರಿಗೆ ಏನಂತ ಹೇಳ್ಲಿ? ನಾಳೆ ಕರಾರು ಮುರಿದು ಬ್ಯಾರೇದಾವ್ರಿಗೆ ಕೊಟ್ರ?”

“ಇದ್ದಿದ್ದು ಹೇಳ್ರಿ. ಕೊಟ್ರ ಕೊಡ್ಲಿ. ಆ ಬ್ಯಾರೇದಾವ್ರು ಬಂದು ನೋಡಿದ್ರೂ ಅಲ್ಲಿ ಇರೂದು ಅಷ್ಟ.”

ಮೂವತ್ತೊಂಬತ್ತು ಎಂದೇ ಸರ್ಟಿಫಿಕೇಟು ಮಾಡಿ ಮುಂದಿಟ್ಟೆ. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ಹೊರಗೆ ಹೆದ್ದಾರಿಯಲ್ಲಿ ಲಾರಿಗಳು ಹೋಗುವುದನ್ನು ನೋಡಿದರು. ಆಮೇಲೆ ಸಹಿ ಮಾಡಿದರು. ಮಾಡಿ, “ಸಿದ್ದೇಶಗ ಸೋಮವಾರ ಬಾ ಅನ್ನು” ಅಂದರು. ನನಗೆ ಬಾ ಅನ್ನಲಿಲ್ಲ, ಹೋಗೂ ಅನ್ನಲಿಲ್ಲ. ಚಹಾ ತರಿಸಿದಾಗ ಮಾತ್ರ ಎರಡು ಕಪ್ಪು ಬಂದವು.

ಇವತ್ತೂ ಬಂದಿದ್ದೇನೆ, ನಾಳೆಯೂ ಬರುತ್ತೇನೆ. ಸರ್ಟಿಫಿಕೇಟು ಖಲಂದರನ ಕೈಯಲ್ಲಿ ಕಳಿಸಿದ್ದೇನೆ. ಸಾವಕಾರರು ಬಂದು ಆ ಒಂದು ಕಡಿಮೆ ನೋಡಿದಾಗ ನಿಮ್ಮ ಮೇಲೆ ಏರಿ ಬರುತ್ತಾರೇನೋ. ನನ್ನ ಹೆಸರು ಹೇಳಿಬಿಡು.

ನಾಗೂ

*

ಬ್ಯಾಡಗಿ
೧೩ ನವೆಂಬರ್ ೨೦೨೫, ಗುರುವಾರ

ಚಿ. ನಾಗಲಕ್ಷ್ಮಿಗೆ ದೊಡ್ಡವ್ವನ ಆಶೀರ್ವಾದ.

ನಿನ್ನ ಹೆಸರು ಹೇಳಲಿಲ್ಲ. ನಮ್ಮವೇ ಸಾಕಷ್ಟಿದ್ದವು.

ಸಾವಕಾರರು ಮೊನ್ನೆ ಮಂಗಳವಾರ ಬಂದರು. ಪಡಸಾಲೆ ಖಾಲಿ, ಬಾಗಿಲ ಹೊರಗೆ ಒಂಟಿ ಡಬ್ಬಿ, ಮೇಜಿನ ಮೇಲೆ ಮೂವತ್ತೊಂಬತ್ತರ ಸರ್ಟಿಫಿಕೇಟು. ಬುತ್ತಿ ಹೊತ್ತಿಗೆ ನೇರ ಶೆಡ್ಡಿಗೆ ಬಂದು, ಕಾಶಿಯ ದಾರ ಕಟ್ಟಿದ ಕೈ ಸೊಂಟಕ್ಕೆ ಇಟ್ಟು ನಿಂತರು.

“ನಾ ಕೂಡಿಸಿದ್ದು ಎಬ್ಬಿಸಿದಾವ್ರು ಯಾರು?”

ಹೆದರಿಕೆ ಆಗಲಿಲ್ಲವೆಂದಲ್ಲ. ಈ ಶೆಡ್ಡು ಬಿಟ್ಟರೆ ನನ್ನ ವಯಸ್ಸಿನವಳಿಗೆ ಬೇರೆ ಶೆಡ್ಡು ಕೊಡುವವರಿಲ್ಲ. ಆದರೂ ಗೋಣಿಚೀಲ ಮಡಚಿ ಹಾಸಿದೆ. “ಕುಂದ್ರಿ ಸಾವಕಾರ್ರ. ಒಂದು ಕಥಿ ಐತಿ, ನಿಂತು ಕೇಳೂ ಕಥಿ ಅಲ್ಲ” ಅಂದೆ.

ಕೂತರು. ಮೈಲಪ್ಪನಿಂದ ಸುರು ಮಾಡಿದೆ. ಅಣ್ಣತಮ್ಮಂದಿರು ಬಂದರು, ನಿನ್ನ ಕೆಂಪು ಪುಸ್ತಕ ಬಂತು, ಗಂಟೆ ನಿಲ್ಲಿಸಿದ ಪೂಜಾರಿ ಬಂದ. ಬಾಣಲೆಯ ಭಾಗವನ್ನು ಸಕೀನಾಬಿ ನನ್ನಿಂದ ಕಸಿದುಕೊಂಡು ಹೇಳಿದಳು. ಚೌಡವ್ವ ಮಾಲೆಯನ್ನು ಇನ್ನೂ ಇಟ್ಟುಕೊಂಡಿದ್ದಳು, ಎತ್ತಿ ತೋರಿಸಿದಳು. ಬಾಗಿಲಲ್ಲಿ ಹಮಾಲರು ಕೊಕ್ಕೆ ಹೆಗಲಿಗೆ ಹಾಕಿಕೊಂಡು ಕೇಳುತ್ತ ನಿಂತರು. ಸಾವಕಾರರು ಒಂದು ಸಲವೂ ನಗಲಿಲ್ಲ. ಮುಗಿದ ಮೇಲೆ ನನ್ನ ಹಿಂದಿನ ರಾಶಿಯನ್ನು ಕೆಳಗಿನಿಂದ ಮೇಲಿನ ತನಕ ನೋಡಿದರು. ಎದ್ದು, ಧೂಳು ಜಾಡಿಸಿಕೊಂಡು ಹೋದರು. ನಾಳೆ ಗೇಟಿನಲ್ಲಿ ಯಾರ ಹೆಸರು ಇರುತ್ತದೋ ಯಾರ ಹೆಸರು ಇರುವುದಿಲ್ಲವೋ ಎಂದು ಎಲ್ಲರೂ ಅಂದುಕೊಂಡೇ ಮನೆಗೆ ಹೋದೆವು.

ಮರುದಿನ ಬೆಳಿಗ್ಗೆ, ಆ ಕಥೆ ಕೇಳಿದವರೆಲ್ಲ ಹೊತ್ತಿಗೆ ಸರಿಯಾಗಿ ಬಂದರು. ಬಂದವರು ಕೂಡಲಿಲ್ಲ. ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಒಬ್ಬೊಬ್ಬರೂ ತಾವು ಸಹಿ ಹಾಕಿದ ಗೂಟದ ಹತ್ತಿರ ಹೋಗಿ, ಡಬ್ಬಿಯ ಕೊರಳು ಹಿಡಿದು ನಿಂತರು. ಹಮಾಲರು ಕೋಣೆಗಳಲ್ಲಿ ನಿಂತರು. ಮೆಣಸಿನಕಾಯಿ ಸುರಿದಿತ್ತು, ತಕ್ಕಡಿ ಕಾಯುತ್ತಿತ್ತು. ಮಾಂತೇಶ ಆ ಕಡೆ ಈ ಕಡೆ ಓಡಾಡಿ, “ಕುಂದ್ರಬೇ, ಹೊತ್ತಾತು. ಏನಿದು ಹೊಸಾ ಪೂಜಿ?” ಅಂದ.

“ಪೂಜಿ ಅಲ್ಲೋ, ಹಾಜರಿ” ಅಂದಳು ಸಕೀನಾಬಿ. “ಒಬ್ಬರು ಇನ್ನೂ ಬಂದಿಲ್ಲ.”

ನಿಂತೇ ಇದ್ದೆವು. ಅಂಗಳದ ಆಚೆ ಸಾವಕಾರರು ತಮ್ಮ ಕೋಣೆಯ ಬಾಗಿಲಲ್ಲಿ ನಮ್ಮನ್ನು ನೋಡುತ್ತ ನಿಂತಿದ್ದರು, ನಾವು ಅವರನ್ನು ನೋಡುತ್ತಿದ್ದೆವು. ಕಡೆಗೆ ಅವರು ಬಗ್ಗಿದರು. ಹೊರಗಿದ್ದ ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿ ಒಳಗೆ ಒಯ್ದರು. ಗೂಟಕ್ಕೆ ಕಬ್ಬಿಣ ತಾಗಿದ ಸದ್ದು ನಮ್ಮ ಶೆಡ್ಡಿನ ತನಕ ಕೇಳಿಸಿತು.

“ಹಾಜರಿ ಆತು” ಅಂದಳು ಸಕೀನಾಬಿ. “ಕುಂದ್ರಿ.”

ಕೂತೆವು.

ನಿನ್ನ ದೊಡ್ಡವ್ವ